ಹಾಯಿಯ ಗವಸು

ಶಿಗ್ಗಾಂವಿಗೂ ಹಾಯಿದೋಣಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಮೆಕ್ಕೆಜೋಳ, ಹತ್ತಿ ಬೆಳೆಯುವ ಈ ಸೀಮೆಯಿಂದ ಸಮುದ್ರ ಕಾಣಬೇಕಾದರೆ ಮುಂಡಗೋಡ, ಯಲ್ಲಾಪುರಗಳ ಕಾಡು ದಾಟಿ ಘಟ್ಟ ಇಳಿಯಬೇಕು. ಆದರೂ ಕಳೆದ ಡಿಸೆಂಬರಿನಲ್ಲಿ ನಾನು ಹಾಯಿದೋಣಿಯೊಂದರ ಗವಸನ್ನು ಗೋಣಿಚೀಲದಲ್ಲಿ ತುಂಬಿ ತಂದು, ಇಲ್ಲಿ ಹೆದ್ದಾರಿಯ ಬದಿಯಲ್ಲಿ ಲಾರಿಗಳ ತಾಡಪತ್ರಿ ಹೊಲಿಯುವ ಹಿರಿಯರೊಬ್ಬರ ಮುಂದೆ ಹರಡಿದೆ.

ದೋಣಿ ನನ್ನ ಅಣ್ಣನದು. ಸರಕು ಹಡಗುಗಳಲ್ಲಿ ದುಡಿದು ನಿವೃತ್ತನಾದ ಮೇಲೆ ಅವನು ಗೋವೆಯಿಂದ ಹಳೆಯದೊಂದು ಚಿಕ್ಕ ಹಾಯಿದೋಣಿಯನ್ನು ಕೊಂಡುತಂದು, ಕಾರವಾರದ ಕೋಡಿಬಾಗದ ಬಳಿ ಕಾಳಿ ನದಿಯಲ್ಲಿ ಲಂಗರು ಹಾಕಿಸಿದ್ದ. ಹಿಂದಿನ ಮಚವೆಗಳಿಗೆ ಹತ್ತಿಯ ಹಾಯಿ. ಅದರ ಶತ್ರು ತೇವ ಮತ್ತು ಬೂಷ್ಟು. ಇಂದಿನ ಹಾಯಿ ಪಾಲಿಯೆಸ್ಟರಿನದು. ಅದಕ್ಕೆ ಸೂರ್ಯನೇ ಶತ್ರು. ಬಿಸಿಲಿನ ಅತಿನೇರಳೆ ಕಿರಣಗಳು ಎಳೆಗಳ ಬಲವನ್ನು ಒಳಗೊಳಗೇ ತಿನ್ನುತ್ತವೆ. ಹಾಯಿ ನೋಡಲು ಬೆಳ್ಳಗೇ ಇರುತ್ತದೆ. ಆದುದರಿಂದ ದೋಣಿ ನಿಂತಾಗ ದೊಡ್ಡ ಹಾಯಿಯನ್ನು ಇಳಿಸಿ, ಅದರ ಬುಡದ ಅಡ್ಡತೊಲೆಯ ಮೇಲೆ, ಎಂದರೆ ಬೂಮಿನ ಮೇಲೆ, ಮಡಿಚಿಟ್ಟು ಗವಸು ತೊಡಿಸುತ್ತಾರೆ. ಮುಂದೆ ಕೂವೆಕಂಬಕ್ಕೆ ಕೊರಳಪಟ್ಟಿಯಂತೆ ಸುತ್ತಿ, ಹಿಂದಕ್ಕೆ ಎಳೆದು, ಬೂಮಿನ ಕೆಳಗೆ ಕೊಕ್ಕೆಗಳಿಂದ ಬಿಗಿಯುವ ಉದ್ದನೆಯ ಅಂಗಿ ಎನ್ನಿ.

ಏಳು ವರ್ಷಗಳ ಹಿಂದೆ ಆ ಗವಸಿನ ಬೆನ್ನ ಹೊಲಿಗೆ ಬಿಟ್ಟುಕೊಂಡಾಗ, ದರ್ಜಿಯವರಿಗೆ ಕೊಡೋಣವೆಂದು ಅಣ್ಣ ಹೇಳಿದ. "ಬೇಡ, ನಾನೇ ಹೊಲಿಯುತ್ತೇನೆ" ಎಂದೆ. ಗುರುಮಠದಲ್ಲಿ ನಮ್ಮ ನಿಲುವಂಗಿಗಳನ್ನು ನಾವೇ ಹೊಲಿದುಕೊಳ್ಳಬೇಕಿತ್ತು. ನನ್ನ ಹೊಲಿಗೆಯನ್ನು ಮೇಲ್ವಿಚಾರಕರು ಇತರರಿಗೆ ತೋರಿಸುತ್ತಿದ್ದರು. ಆ ಹೆಮ್ಮೆ ನನ್ನಲ್ಲಿ ಇನ್ನೂ ಉಳಿದಿತ್ತು. ಪೂಜಾವಸ್ತ್ರಗಳಿಗೆಂದು ಇಟ್ಟಿದ್ದ ಹತ್ತಿಯ ದಾರವನ್ನೇ ತೆಗೆದುಕೊಂಡು, ಒಂದಕ್ಕೊಂದು ಒತ್ತಾಗಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕಿದೆ. ಎಲ್ಲರೂ ಮೆಚ್ಚಿದರು.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದಾರ ಲಡ್ಡಾಯಿತು. ಮೇಲಿನಿಂದ ಗವಸು ಬಾಯ್ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ. ಅಣ್ಣನಿಗೆ ಆಗಲೇ ಮಂಡಿನೋವು, ದೋಣಿಗೆ ಹೋಗುವುದು ಅಪರೂಪವಾಗಿತ್ತು. ಎರಡು ಬೇಸಿಗೆಯ ಬಿಸಿಲು ಹಾಯಿಯ ಮೇಲ್ಮಡಿಕೆಗಳ ಮೇಲೆ ನೇರವಾಗಿ ಬಿತ್ತು. ಬಳಿಕ ಒಂದು ದಿನ ಅವನು ಆಸೆಯಿಂದ ಹಾಯಿ ಏರಿಸಿ ಅಳಿವೆಯತ್ತ ಹೊರಟಾಗ, ಸದಾಶಿವಗಡದ ಎದುರಿನಲ್ಲಿ ಗಾಳಿ ತುಂಬಿದೊಡನೆ ಹಾಯಿ ಮಡಿಕೆಯ ಗೆರೆಗುಂಟ ಸೀಳಿಹೋಯಿತು. ಮೀನುಗಾರರು ದೋಣಿಯನ್ನು ಎಳೆದು ತಂದರು. ನಾನು ಹೋದಾಗ ಅವನು ಬಯ್ಯಲಿಲ್ಲ. ಹರಿದ ಅಂಚನ್ನು ಬೆರಳಿನಿಂದ ಸವರುತ್ತಾ, ಹಾಯಿ ಹಳೆಯದಾಗಿತ್ತು ಬಿಡು ಎಂದಷ್ಟೇ ಅಂದ. ಹೊಸ ಹಾಯಿ ಕೊಳ್ಳುವ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು. ಅದರ ಮುಂದಿನ ವರ್ಷ ಅಣ್ಣ ತೀರಿಕೊಂಡ. ಕಾರಣ ನನ್ನ ದಾರ ಎಂಬುದನ್ನು ನಾನು ಅವನಿಗೆ ಹೇಳಲೇ ಇಲ್ಲ. ಅವನಿಗೆ ಗೊತ್ತಿತ್ತೆಂದೇ ಈಗ ನನಗೆ ತೋರುತ್ತದೆ.

ಶಿಗ್ಗಾಂವದ ಹಿರಿಯರು ಗವಸನ್ನು ಬೆಳಕಿಗೆ ಹಿಡಿದು ನೋಡಿದರು. "ಫಾದರ್, ಬಟ್ಟಿ ಸತ್ತಿಲ್ಲರಿ, ದಾರ ಸತ್ತೈತಿ" ಎಂದರು. ಆಕ್ರಿಲಿಕ್ ಕ್ಯಾನ್ವಾಸ್ ಬಿಸಿಲನ್ನು ಬಹುಕಾಲ ತಡೆಯುತ್ತದೆ, ಹೊಲಿದ ದಾರ ಅಷ್ಟು ತಡೆಯುವುದಿಲ್ಲ. ಹೊರಮೈಯಲ್ಲಿ ಎದ್ದು ಕಾಣುವ ದಾರವಂತೂ ಮೊದಲು ಹೋಗುತ್ತದೆ. ನನ್ನ ಹೊಲಿಗೆಯ ಸಾಲನ್ನು ತೋರಿಸಿ, "ಇದ್ಯಾರು ಹೊಲದಾರರಿ? ಇಷ್ಟು ತೂತು ಹೊಡದ್ರ ಬಟ್ಟಿ ಅಲ್ಲೇ ಹರೀತೈತಿ" ಎಂದರು. ಅಂಚೆಚೀಟಿ ತೂತುಗಳ ಸಾಲಿನಲ್ಲೇ ಹರಿಯುವುದಿಲ್ಲವೇ, ಹಾಗೆ. ನಾನೇ ಎಂದು ಒಪ್ಪಿಕೊಂಡೆ. ಅವರು ನಗಲಿಲ್ಲ, ಬ್ಲೇಡು ಕೊಟ್ಟು, ಹಳೆಯ ದಾರವನ್ನೆಲ್ಲ ಬಿಚ್ಚಲು ಕೂರಿಸಿದರು. ಅರ್ಧ ದಿನ ಬಿಚ್ಚಿದೆ.

ಹಗ್ಗ ಉಜ್ಜಿ ಸವೆದ ಎರಡು ಕಡೆ ತೇಪೆ ಬೇಕಿತ್ತು. ಅದಕ್ಕೆಂದು ತೆಗೆದ ಹತ್ತಿಯ ಕ್ಯಾನ್ವಾಸನ್ನು ಅವರು ಮೊದಲು ನೀರಿನಲ್ಲಿ ನೆನೆಸಿ ಒಣಹಾಕಿದರು. ನೆನೆಸದ ಬಟ್ಟೆ ಆಮೇಲೆ ಕುಗ್ಗಿ ಸುತ್ತಲಿನ ಹಳೆಯ ಬಟ್ಟೆಯನ್ನು ಎಳೆದು ಹರಿಯುತ್ತದಂತೆ. ಹಳೆಯ ಉಡುಪಿಗೆ ಹೊಸ ತೇಪೆ ಹಾಕುವ ಯೇಸುಸ್ವಾಮಿಯ ಸಾಮತಿಯನ್ನು ನಾನು ಇಪ್ಪತ್ತೈದು ವರ್ಷ ಪೀಠದಿಂದ ವಿವರಿಸಿದ್ದೇನೆ. ಒಮ್ಮೆಯೂ ಬಟ್ಟೆ ನೆನೆಸಿ ನೋಡಿದವನಲ್ಲ. ತೇಪೆಯನ್ನು ಸವೆದ ಜಾಗಕ್ಕಿಂತ ನಾಲ್ಕು ಬೆರಳು ಅಗಲ ಕತ್ತರಿಸಿ, ಮೂಲೆಗಳನ್ನು ದುಂಡಾಗಿಸಿದರು. ಚೂಪು ಮೂಲೆ ಬೇಗ ಏಳುತ್ತದೆ. ದಪ್ಪ ಪಾಲಿಯೆಸ್ಟರ್ ದಾರದಲ್ಲಿ ನೀಳವಾದ ಹೊಲಿಗೆ ಹಾಕಿದರು. ನಾಲ್ಕೈದು ವರ್ಷಕ್ಕೆ ಈ ದಾರವೂ ಸಾಯುತ್ತದೆ, ಆಗ ಮತ್ತೆ ತನ್ನಿ ಎಂದರು.

ಜನವರಿಯಲ್ಲಿ ಗವಸಿನೊಡನೆ ಕಾರವಾರಕ್ಕೆ ಹೋದೆ. ಅಣ್ಣನ ಮಗ ಹೊಸ ಹಾಯಿ ಕೊಂಡಿದ್ದ. ಕೂವೆಕಂಬದ ಕಡೆಯಿಂದ ಇಬ್ಬರೂ ತೊಡಿಸುತ್ತಾ ಬಂದೆವು. ಬಿಗಿಯಾಗಿ ಎಳೆಯಬಾರದು, ಕೆಳಗೆ ಗಾಳಿ ಆಡಬೇಕು, ಇಲ್ಲವಾದರೆ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಆದರೆ ನಡುಭಾಗಕ್ಕೆ ಬಂದಾಗ ಕೊಕ್ಕೆಗಳು ಒಂದನ್ನೊಂದು ಮುಟ್ಟಲೇ ಇಲ್ಲ. ಹೊಸ ಹಾಯಿಯ ಬಟ್ಟೆ ಗಡುಸು; ಮಡಿಚಿದರೆ ಹಳೆಯದರಂತೆ ಕುಗ್ಗಿ ಕೂರದೆ ಉಬ್ಬಿ ನಿಲ್ಲುತ್ತದೆ. ಒಂದು ಗೇಣು ಕಡಿಮೆ.

"ಚಿಕ್ಕಪ್ಪಾ, ಹೊಸದನ್ನೇ ಹೊಲಿಸೋಣವೇ?" ಎಂದ ಹುಡುಗ.

ಬೆನ್ನಿನ ಉದ್ದಕ್ಕೂ ಒಂದು ಪಟ್ಟಿ ಕೂಡಿಸಿದರೆ ಸಾಕು ಎಂದೆ. ತೆಂಗಿನ ಕಡ್ಡಿಯಿಂದ ಅಗಲವನ್ನು ಅಳೆದು, ಕಡ್ಡಿಯನ್ನು ಅಲ್ಲಿಗೇ ಮುರಿದುಕೊಂಡೆ. ಸದ್ಯಕ್ಕೆ ಹಳೆಯ ತಾಡಪತ್ರಿಯೊಂದನ್ನು ಹಾಯಿಯ ಮೇಲೆ ಕಟ್ಟಿ ಬಂದಿದ್ದೇವೆ. ಗವಸು ಮತ್ತೆ ಶಿಗ್ಗಾಂವಿಗೆ ಬಂದಿದೆ. ಪಟ್ಟಿಯ ಬಟ್ಟೆಯನ್ನು ನಿನ್ನೆ ನೆನೆಹಾಕಿದೆ.