ಒಂದು ಗಂಟೆಯ ಹಾದಿ

ಏಮಿ ಜಾನ್ಸನ್ ಎಂದೊಡನೆ ಬಲ್ಲವರು 1930ರ ಸಾಹಸವನ್ನು ನೆನೆಯುತ್ತಾರೆ. ಯಾರೋ ಬಳಸಿಬಿಟ್ಟ ಪುಟ್ಟ ವಿಮಾನದಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯದವರೆಗೆ ಒಬ್ಬಳೇ ಹಾರಿದಾಕೆ. ನಡುವೆ ನಮ್ಮ ಝಾನ್ಸಿಯಲ್ಲೂ ಇಳಿದಿದ್ದಳು. ನನ್ನನ್ನು ಕಾಡುವುದು ಆಕೆಯ ಕೊನೆಯ ಪಯಣ. ಅದರಲ್ಲಿ ಸಾಹಸವೇನೂ ಇರಲಿಲ್ಲ. ಯುದ್ಧಕಾಲದ ಚಾಕರಿ, ಅಷ್ಟೆ.

ಹೊಸಬರಿಗೆ ಹಾರಾಟ ಕಲಿಸುವ ಏರ್‌ಸ್ಪೀಡ್ ಆಕ್ಸ್‌ಫರ್ಡ್ ವಿಮಾನವೊಂದನ್ನು ವಾಯುಪಡೆಯ ನೆಲೆಗೆ ಮುಟ್ಟಿಸಬೇಕಾಗಿತ್ತು. ಅಂಥವು 8,500ಕ್ಕೂ ಹೆಚ್ಚು ತಯಾರಾದವು. ಒಂದು ಹೋದರೆ ಲೆಕ್ಕದ ಪುಸ್ತಕದಲ್ಲಿ ಒಂದು ಗೀಟು! 1941ರ ಜನವರಿ 5ರಂದು ಬ್ಲ್ಯಾಕ್‌ಪೂಲ್‌ನಿಂದ ಹೊರಟಳು. ಕಿಡ್ಲಿಂಗ್ಟನ್ನಿಗೆ ಹೆಚ್ಚೆಂದರೆ ಒಂದು ಗಂಟೆಯ ಹಾದಿ. ಹವೆ ಕೆಟ್ಟಿತ್ತು. ದಾರಿ ಕೇಳೋಣವೆಂದರೆ ರೇಡಿಯೋ ಇಲ್ಲ. ವಿಮಾನ ಸಾಗಿಸುವವರಿಗೆ ಆ ಭಾಗ್ಯವಿರಲಿಲ್ಲ.

ಸುಮಾರು ನಾಲ್ಕು ಗಂಟೆಗಳ ತರುವಾಯ, ಸೇರಬೇಕಾದ ಊರಿನಿಂದ ನೂರು ಮೈಲಿಯಷ್ಟು ದೂರದಲ್ಲಿ, ಥೇಮ್ಸ್ ನದಿ ಕಡಲನ್ನು ಕೂಡುವೆಡೆ ಪ್ಯಾರಾಚೂಟೊಂದು ಇಳಿಯುವುದನ್ನು ಹಡಗಿನವರು ಕಂಡರು. ವಿಮಾನವೂ ನೀರಿಗೆ ಬಿತ್ತು. ಹೇಸಲ್‌ಮಿಯರ್ ಹಡಗಿನ ನಾಯಕ ವಾಲ್ಟರ್ ಫ್ಲೆಚರ್ ಆ ಕೊರೆಯುವ ನೀರಿಗೆ ಧುಮುಕಿದ. ಮುಳುಗುತ್ತಿದ್ದವರು ಯಾರೆಂದು ಅವನಿಗೇನು ಗೊತ್ತು? ಜಗತ್ತೇ ಕೊಂಡಾಡಿದ ಹೆಂಗಸೋ, ನಿನ್ನೆ ಮೊನ್ನೆ ಪಡೆಗೆ ಸೇರಿದ ಹುಡುಗನೋ! ಕೇಳಿಕೊಂಡು ಹಾರುವ ಹೊತ್ತಲ್ಲ ಅದು. ಯಾರನ್ನೂ ಮೇಲೆ ತರಲಾಗಲಿಲ್ಲ. ಅವನನ್ನೇ ಎಳೆದುಕೊಂಡರು, ಚಳಿಯ ಹೊಡೆತಕ್ಕೆ ಅವನೂ ಉಳಿಯಲಿಲ್ಲ. ಸತ್ತ ಮೇಲೆ ಪದಕ ಕೊಟ್ಟರು.

ಏಮಿಯ ದೇಹ ಸಿಗಲೇ ಇಲ್ಲ. ಕಡಲು ಹಿಂದಕ್ಕೆ ಕೊಟ್ಟದ್ದು ಆಕೆಯ ಕೈಚೀಲ, ಚೆಕ್ ಪುಸ್ತಕ.