ಸೊಪ್ಪಿನ ಬೆಟ್ಟದ ಪ್ರಶ್ನೆ

ನೆಂಟರ ಮನೆಗೆ ಹೋದವನು ಉಂಡು, ಎಲೆಯಡಿಕೆ ಹಾಕಿಕೊಂಡು, ಯಾರಿಗೂ ಬುದ್ಧಿ ಹೇಳದೆ ಹಿಂದಿರುಗಬೇಕು. ಈ ನೀತಿ ನನಗೆ ತಡವಾಗಿ ತಿಳಿಯಿತು.

2010ರ ಮಳೆಗಾಲದಲ್ಲಿ ಸಿದ್ದಾಪುರ ತಾಲ್ಲೂಕಿನ ಸೋದರಮಾವನ ಮನೆಗೆ ಹೋಗಿದ್ದೆ. ಅಘನಾಶಿನಿಯ ಕಣಿವೆಯನ್ನು ಸಂರಕ್ಷಿತ ಪ್ರದೇಶ ಮಾಡುತ್ತಾರಂತೆ ಎಂಬ ಮಾತು ಆಗ ಊರಿನಲ್ಲಿತ್ತು. ನಾನು ಜಗಲಿಯ ಮೇಲೆ ಕುಳಿತು ಸಿಂಗಳೀಕಗಳ ವಿಷಯ, ಕತ್ತಲೆಕಾನಿನ ರಾಂಪತ್ರೆ ಜಡ್ಡಿಯ ವಿಷಯ, ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ಹೊಳೆಯ ವಿಷಯ ಎಲ್ಲವನ್ನೂ ಹೇಳಿದೆ. ಪತ್ರಿಕೆಯಲ್ಲಿ ಓದಿದ್ದನ್ನು ಅಲ್ಲೇ ಹುಟ್ಟಿ ಬೆಳೆದವರಿಗೆ ಪಾಠ ಒಪ್ಪಿಸಿದೆ ಎಂದರೆ ಸರಿಯಾದೀತು.

ಮಾವ ಅಡಕತ್ತರಿಯಿಂದ ಕಣ್ಣೆತ್ತದೆ ಕೇಳಿದರು: "ಎಲ್ಲ ಸರಿ ತಮಾ, ನಮ್ಮ ಸೊಪ್ಪಿನ ಬೆಟ್ಟ ಏನಾಗ್ತದೆ?"

ಘಟ್ಟದ ಮೇಲಿನ ಅಡಿಕೆ ತೋಟಕ್ಕೆ ಎಕರೆಗೆ 9 ಎಕರೆಯವರೆಗೆ ಬೆಟ್ಟ ಉಂಟು. ನೆಲ ಸರ್ಕಾರದ್ದು, ಸೊಪ್ಪು ಕಡಿಯುವ ಹಕ್ಕು ತೋಟದವನದು. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೆಟ್ಟ ಹೋಯಿತೆಂದರೆ ತೋಟವೂ ಹೋದಂತೆಯೇ.

ಹಾಗೆಂದು ಕಣಿವೆಯವರೆಲ್ಲ ಋಷಿಗಳಲ್ಲ. ಉಪ್ಪಾಗೆಯ ಹಣ್ಣು ಸಿಂಗಳೀಕಕ್ಕೆ ಆಹಾರ. ಅದರ ಒಣಸಿಪ್ಪೆ ಬಡವರಿಗೆ ಆದಾಯ. ಬೆಲೆ ಏರಿದ ವರ್ಷ ಕಾಯಿಯನ್ನೇ ಕೊಯ್ಯುವುದೂ, ಒಣಗಿಸಲು ರಾಶಿ ಸೌದೆ ಉರಿಸುವುದೂ ಉಂಟು. ಇದನ್ನು ನನಗೆ ಹೇಳಿದವರೂ ಮಾವನೇ.

ಮುಂದೆ ಊರಿನಲ್ಲಿ ಸಭೆಯಾಯಿತು. 1972ರ ವನ್ಯಜೀವಿ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಲ್ಲಿ 'ಸಂರಕ್ಷಣಾ ಮೀಸಲು' ಎಂಬ ಹೊಸ ಬಗೆ ಇತ್ತು. ಸರ್ಕಾರ ಮೊದಲು ಊರವರೊಡನೆ ಸಮಾಲೋಚಿಸಬೇಕು. ಅಲ್ಲಿ ಬಾಳುವವರ ಹಕ್ಕಿಗೆ ಚ್ಯುತಿಯಿಲ್ಲ. ಉಸ್ತುವಾರಿ ಸಮಿತಿಯಲ್ಲಿ ಪಂಚಾಯತಿಯವರೂ ಇರುತ್ತಾರೆ. ಮಾವ ಎರಡು ಸಲ ಕೇಳಿ ಖಾತ್ರಿಮಾಡಿಕೊಂಡು ಕೈಯೆತ್ತಿದರು. 2011ರಲ್ಲಿ 299.52 ಚದರ ಕಿಲೋಮೀಟರ್ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಾಯಿತು. ನನ್ನ ಪಾಠ ಫಲಿಸಿತೆಂದು ಬೀಗಿದೆ.

2019ರಲ್ಲಿ ಆ ಮೀಸಲನ್ನು ಶರಾವತಿ ಅಭಯಾರಣ್ಯದೊಡನೆ ಕೂಡಿಸಿ, ಇನ್ನಷ್ಟು ಕಾಡು ಸೇರಿಸಿ, 930.16 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಮಾಡಿದರು. ಸಿಂಗಳೀಕಕ್ಕೆ ಒಳ್ಳೆಯದೇ ಇರಬಹುದು. ಮಾವ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಾನು ಕೈಯೆತ್ತಿದ್ದು ಮೀಸಲಿಗೆ. ಈ ಸಲ ನಮ್ಮ ಜಗಲಿಗೆ ಯಾರೂ ಬರಲಿಲ್ಲ."

ಅನಂತರ ಅದೇ ಅಭಯಾರಣ್ಯದ ಶರಾವತಿ ಭಾಗದಲ್ಲಿ, ತಲಕಳಲೆಗೂ ಗೇರುಸೊಪ್ಪೆಗೂ ನಡುವೆ ಸುರಂಗ ಕೊರೆದು 2000 ಮೆಗಾವ್ಯಾಟಿನ ವಿದ್ಯುತ್ ಯೋಜನೆ ಮಾಡುವ ಮಾತು ಬಂತು. ಮಾವನ ಪ್ರಶ್ನೆಯೂ ಬಂತು: "ನನ್ನ ಕತ್ತಿಗೆ ಹೆದರುವ ಕಾಡು ಸುರಂಗಕ್ಕೆ ಹೆದರುವುದಿಲ್ಲವೋ?"

ಬೆಂಗಳೂರಿನಲ್ಲಿ ನನ್ನ ತಲೆಯ ಮೇಲೆ ದೀಪ ಉರಿಯುತ್ತಿತ್ತು. ಕಾಡನ್ನು ಕಾಯಲು ಊರವರ ಕೈ ಬೇಕು. ಆ ಕೈ ಎತ್ತಿಸಲು ಹತ್ತು ವರ್ಷ ಹಿಂದೆ ಉತ್ಸಾಹದಿಂದ ಮಾತನಾಡಿದವನು ನಾನು. ಈಗ ಉತ್ತರ ಹೇಳಬೇಕಾದವನೂ ನಾನೇ. ಏನು ಹೇಳಲಿ? "ಬೇಸಿಗೆಗೆ ಬರುತ್ತೇನೆ ಮಾವ" ಎಂದೆ.

"ಬಾ" ಎಂದರು. "ಜಗಲಿ ಇನ್ನೂ ನಮ್ಮದೇ."