ಬತ್ತಿದ ಹೊಳೆಯ ಎರಡು ದಡ

ಅಮೆರಿಕದ ಕಾನ್ಸಾಸ್ ರಾಜ್ಯದ ಗಾರ್ಡನ್ ಸಿಟಿಯ ದಕ್ಷಿಣಕ್ಕೆ ಅರ್ಕನ್ಸಾಸ್ ನದಿಗೆ ಕಟ್ಟಿದ ಸೇತುವೆ ಇದೆ. ಅದರ ಕೆಳಗೆ ನೀರಿಲ್ಲ, ಬರೀ ಮರಳು. ಮರಳಿನ ಮೇಲೆ ಗಾಡಿ ಓಡಿಸಿದ ಚಕ್ರದ ಗೆರೆಗಳು, ಅಲ್ಲಲ್ಲಿ ಎದೆಯೆತ್ತರದ ಕಳೆ, ದಂಡೆಯಲ್ಲಿ ಕಾಟನ್‌ವುಡ್ ಮರಗಳು. ರಾಕಿ ಪರ್ವತಗಳಲ್ಲಿ ಹುಟ್ಟಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಮಿಸಿಸಿಪ್ಪಿಯನ್ನು ಕೂಡುವ ಹೊಳೆ ಇದು. ಕೊಲರಾಡೊದ ಕಾಲುವೆಗಳು ಮೇಲಿನಿಂದಲೇ ನೀರು ತಿರುಗಿಸಿಕೊಂಡವು, ಕಾನ್ಸಾಸ್‌ನ ಬೋರ್‌ವೆಲ್‌ಗಳು ತಳದಿಂದ ಎಳೆದುಕೊಂಡವು. ನಡುವೆ ಹೊಳೆ ಇಲ್ಲವಾಯಿತು. ಶೂ ಕೂಡ ಬಿಚ್ಚದೆ ನಾನು ಈ ದಡದಿಂದ ಆ ದಡಕ್ಕೆ ನಡೆದುಹೋದೆ.

ಹಾಗೆ ನಡೆದು ದಾಟಿದ್ದು ಒಂದು ಕಾಲದ ದೇಶದ ಗಡಿ! 1819ರಲ್ಲಿ ಅಮೆರಿಕ ಮತ್ತು ಸ್ಪೇನ್ ಮಾಡಿಕೊಂಡ ಒಪ್ಪಂದದಂತೆ, ನೂರನೇ ರೇಖಾಂಶದಿಂದ ಪಶ್ಚಿಮಕ್ಕೆ ಈ ಹೊಳೆಯೇ ಎರಡು ದೇಶಗಳ ಎಲ್ಲೆ. ಉತ್ತರದ ದಡ ಅಮೆರಿಕದ್ದು, ದಕ್ಷಿಣದ್ದು ಸ್ಪೇನಿನದು. 1821ರಲ್ಲಿ ಸ್ಪೇನ್ ಹೋಗಿ ಮೆಕ್ಸಿಕೊ ಬಂತು. ಆಮೇಲೆ ಟೆಕ್ಸಸ್ ಕೈತಪ್ಪಿತು, 1840ರ ದಶಕದ ಯುದ್ಧದಲ್ಲಿ ಮೆಕ್ಸಿಕೊ ಸೋತಿತು, ಗಡಿ ನೂರಾರು ಮೈಲಿ ದಕ್ಷಿಣಕ್ಕೆ ಸರಿಯಿತು. ಇದೆಲ್ಲ ಕಾಗದದ ಮೇಲಿನ ಲೆಕ್ಕ. ಬಯಲಿನ ನಿಜವಾದ ಒಡೆಯರು ಆಗ ಕಮಾಂಚಿ, ಕಯೋವಾ, ಶಯಾನ್ ಜನ. ಆದರೂ ಒಂದು ಮಾತು ನನ್ನನ್ನು ಬಹಳ ಹೊತ್ತು ಆ ಮರಳಿನಲ್ಲೇ ನಿಲ್ಲಿಸಿತು. ಚಿನ್ನದ ಊರು ಹುಡುಕುತ್ತ ಬಂದ ಸ್ಪೇನಿನ ಕೊರೊನಾಡೊ ಮತ್ತವನ ಕುದುರೆ ಸವಾರರು ಇದೇ ಹೊಳೆಯನ್ನು ಡಾಡ್ಜ್ ಸಿಟಿಯ ಹತ್ತಿರ ಎಲ್ಲೋ ದಾಟಿದ್ದು 1541ರಲ್ಲಿ. ಇಂಗ್ಲಿಷಿನ ಒಂದು ಶಬ್ದವೂ ಇತ್ತ ಸುಳಿಯುವ ಮೊದಲೇ ಈ ಗಾಳಿಯಲ್ಲಿ ಸ್ಪ್ಯಾನಿಷ್ ಕೇಳಿಸಿತ್ತು.

ಈಗ ಎರಡೂ ದಡದಲ್ಲಿ ಅದು ಮತ್ತೆ ಕೇಳಿಸುತ್ತಿದೆ. ಪೆಟ್ರೋಲ್ ಬಂಕಿನಲ್ಲಿ, ದಂತವೈದ್ಯರ ಬೋರ್ಡಿನಲ್ಲಿ, ಶಾಲೆ ಬಿಟ್ಟಾಗ ಹೊರನುಗ್ಗುವ ಮಕ್ಕಳ ಗದ್ದಲದಲ್ಲಿ. 1990ರ ಜನಗಣತಿಯಲ್ಲಿ ಇಡೀ ಕಾನ್ಸಾಸ್ ರಾಜ್ಯದಲ್ಲಿದ್ದ ಲ್ಯಾಟಿನೊ ಜನ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ಸುಮಾರು 94 ಸಾವಿರ, ನೂರಕ್ಕೆ ನಾಲ್ವರಿಗೂ ಕಡಿಮೆ. 2020ರಲ್ಲಿ ಅವರು 3 ಲಕ್ಷ 82 ಸಾವಿರ, ನೂರಕ್ಕೆ 13. ಆದರೆ ಈ ನೈರುತ್ಯ ಮೂಲೆಯ ಮೂರು ಊರುಗಳಲ್ಲಿ ಲೆಕ್ಕವೇ ಬೇರೆ. 28 ಸಾವಿರ ಜನರ ಗಾರ್ಡನ್ ಸಿಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಲ್ಯಾಟಿನೊಗಳು. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಡಾಡ್ಜ್ ಸಿಟಿಯಲ್ಲಿ ಐವರಲ್ಲಿ ಮೂವರು. ಇಪ್ಪತ್ತು ಸಾವಿರದ ಲಿಬರಲ್ ಊರಿನಲ್ಲಿ ಮೂವರಲ್ಲಿ ಇಬ್ಬರು.

ಈ ಅಂಕಿಗಳ ತೂಕ ಗೊತ್ತಾಗಬೇಕಾದರೆ ವಿಚಿಟಾದಿಂದ ಪಶ್ಚಿಮಕ್ಕೆ ಕಾರಿನಲ್ಲಿ ಬರಬೇಕು. ದಾರಿಯ ಊರುಗಳು ಖಾಲಿಯಾಗುತ್ತಿವೆ. ಧಾನ್ಯದ ಎತ್ತರದ ಬಿಳಿ ಕಣಜಗಳು ಹತ್ತಾರು ಮೈಲಿ ದೂರದಿಂದಲೇ ಕಾಣುತ್ತವೆ. ಹತ್ತಿರ ಹೋದರೆ ಒಂದೇ ಒಂದು ಬೀದಿ, ಹಲಗೆ ಬಡಿದ ಅಂಗಡಿಗಳು, ಮುಚ್ಚಿದ ಶಾಲೆ. ಟ್ರ್ಯಾಕ್ಟರು ದೊಡ್ಡದಾದಷ್ಟೂ ಒಕ್ಕಲು ಕಡಿಮೆ. ಮಕ್ಕಳು ಪಟ್ಟಣ ಸೇರಿದ್ದಾರೆ. ಇಂಥ ಬಯಲಿನ ನಡುವೆ ಡಾಡ್ಜ್ ಸಿಟಿ ತಲುಪಿದೊಡನೆ ಟ್ರಾಫಿಕ್ ಸಿಗ್ನಲ್‌ನಲ್ಲಿ ಕಾಯಬೇಕಾಯಿತು. ಹೊಸ ಮನೆಗಳ ಅಡಿಪಾಯ, ಶಾಲೆಯ ಹಳದಿ ಬಸ್ಸುಗಳು, ಕಾಲ್ಚೆಂಡಾಟದ ಮೈದಾನ. ಬಯಲುಸೀಮೆಯ ಮಧ್ಯೆ ಇಷ್ಟು ಎಳೆಯ ಮಕ್ಕಳಿರುವ ಊರು! ನನಗೆ ನಂಬಲಾಗಲಿಲ್ಲ.

ಪ್ರವಾಸಿಗರು ಡಾಡ್ಜ್ ಸಿಟಿಗೆ ಬರುವುದು ಬೇರೆ ಕಾರಣಕ್ಕೆ. ವಾಯಟ್ ಅರ್ಪ್ ಎಂಬ ಪೊಲೀಸಿನವನ ಕಥೆ, ಬೂಟ್ ಹಿಲ್ ಮ್ಯೂಸಿಯಂ, ಇಪ್ಪತ್ತು ವರ್ಷ ಓಡಿದ 'ಗನ್‌ಸ್ಮೋಕ್' ಧಾರಾವಾಹಿಯ ನೆನಪು. ಮರದ ಮುಂಗಟ್ಟಿನ ಆ ಬೀದಿಯನ್ನು ನಾನೂ ನೋಡಿದೆ. ಆದರೆ ಮನಸ್ಸು ಹಿಡಿದದ್ದು ಅದಲ್ಲ, ರೈಲು ಹಳಿಯ ಪಕ್ಕದ ಖಾಲಿ ಜಾಗ. 20ನೇ ಶತಮಾನದ ಮೊದಲ ದಶಕದಲ್ಲಿ ಸಾಂತಾ ಫೆ ರೈಲ್ವೆ ಕಂಪನಿ ಹಳಿ ಹಾಕುವುದಕ್ಕೆ, ಹಾಕಿದ್ದನ್ನು ಕಾಯುವುದಕ್ಕೆ ಮೆಕ್ಸಿಕೊದಿಂದ ಆಳುಗಳನ್ನು ಕರೆತಂದಿತು. ಅವರು ರೈಲ್ವೆಯ ಜಾಗದಲ್ಲೇ ಸಿಕ್ಕಿದ ಸಾಮಾನಿನಲ್ಲಿ ಮನೆ ಕಟ್ಟಿಕೊಂಡರು. ಆ ಕೇರಿಗೆ ಮೆಕ್ಸಿಕನ್ ವಿಲೇಜ್ ಎಂದೇ ಹೆಸರು. ಇದೇ ಹೊತ್ತಿಗೆ, 1906ರಲ್ಲಿ, ಗಾರ್ಡನ್ ಸಿಟಿಯಲ್ಲಿ ಬೀಟ್‌ ಗೆಡ್ಡೆಯಿಂದ ಸಕ್ಕರೆ ಮಾಡುವ ಕಾರ್ಖಾನೆ ಶುರುವಾಯಿತು. ಬೀಟ್ ಹೊಲದಲ್ಲಿ ಬಗ್ಗಿ ಕಳೆ ಕೀಳುವ ಕೆಲಸವೂ ಅವರದೇ ಆಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕ ಲಕ್ಷಾಂತರ ಮೆಕ್ಸಿಕನ್ನರನ್ನು ಗಡಿಯಾಚೆ ಸಾಗಹಾಕಿದಾಗಲೂ ಇಲ್ಲಿ ಕೆಲವು ಮನೆಗಳು ಉಳಿದವು. 1950ರ ದಶಕದಲ್ಲಿ ಕೇರಿಯನ್ನು ಎತ್ತಿಸಿದರು. ಆ ಮನೆಗಳ ಮರಿಮೊಮ್ಮಕ್ಕಳು ಇಂದು ಇದೇ ಊರಿನಲ್ಲಿದ್ದಾರೆ. ನಿನ್ನೆ ಮೊನ್ನೆ ಬಂದವರೆಂದು ಅವರನ್ನು ನೋಡುವ ಕಣ್ಣು ಈಗಲೂ ಇದೆ, ಇದು ನನಗೆ ಬೇಸರ ತಂದ ಸಂಗತಿ.

ಜನರ ದೊಡ್ಡ ಪ್ರವಾಹ ಬಂದದ್ದು 1980ರ ನಂತರ. ಅದಕ್ಕೆ ಕಾರಣ ಹುಡುಕಿದರೆ ಮತ್ತೆ ನೀರಿಗೇ ಬಂದು ನಿಲ್ಲುತ್ತೇವೆ. ಈ ಬಯಲಿನ ಅಡಿಯಲ್ಲಿ ಒಗಲಾಲ ಎಂಬ ಅಂತರ್ಜಲದ ಹಾಸು ಇದೆ, ಸಾವಿರಾರು ವರ್ಷಗಳಿಂದ ತಂಗಿದ ನೀರು. ಕೊಲರಾಡೊದ ಫ್ರಾಂಕ್ ಜೈಬಾಕ್ ಎಂಬ ರೈತ, ನಡುವಿನ ಬಾವಿಯ ಸುತ್ತ ತಾನೇ ತಿರುಗುತ್ತ ನೀರು ಚಿಮುಕಿಸುವ ಕೊಳವೆ ಯಂತ್ರ ಕಟ್ಟಿ 1952ರಲ್ಲಿ ಪೇಟೆಂಟ್ ಪಡೆದ. ವಿಮಾನದಿಂದ ನೋಡಿದರೆ ಪಶ್ಚಿಮ ಕಾನ್ಸಾಸ್ ತುಂಬ ಹಸಿರು ಚಕ್ರಗಳು ಕಾಣುವುದು ಇದರಿಂದಲೇ; ಒಂದೊಂದು ಚಕ್ರ 125 ಎಕರೆಗೂ ಮೇಲೆ. ನೀರು ಬಂತು, ಮೆಕ್ಕೆಜೋಳ ಬಂತು. ಜೋಳ ತಿನ್ನಿಸಿ ದನ ಕೊಬ್ಬಿಸುವ ಫೀಡ್‌ಲಾಟುಗಳು ಬಂದವು. ದನ ಇಲ್ಲೇ ಇರುವಾಗ ಅವನ್ನು ರೈಲಿನಲ್ಲಿ ಶಿಕಾಗೊಗೆ ಸಾಗಿಸುವುದೇಕೆ? ಕಸಾಯಿಖಾನೆಗಳೇ ದನವಿದ್ದಲ್ಲಿಗೆ ಬಂದವು. ಶಿಕಾಗೊದ ಹೆಸರಾಂತ ದನದ ದೊಡ್ಡಿಗಳು 1971ರಲ್ಲಿ ಬಾಗಿಲು ಹಾಕಿದವು. 1980ರ ಕೊನೆಯಲ್ಲಿ ಗಾರ್ಡನ್ ಸಿಟಿಯ ಪಕ್ಕದ ಹೋಲ್ಕಂಬ್‌ನಲ್ಲಿ ಐಬಿಪಿ ಕಂಪನಿ ಆಗಿನ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆನಿಸಿದ ಗೋಮಾಂಸದ ಕಾರ್ಖಾನೆ ತೆರೆಯಿತು. ಟ್ರೂಮನ್ ಕಪೋಟಿಯ 'ಇನ್ ಕೋಲ್ಡ್ ಬ್ಲಡ್' ಓದಿದವರಿಗೆ ಹೋಲ್ಕಂಬ್ 1959ರಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾದ ಊರು. ಅಲ್ಲಿನವರಿಗೆ ಅದು ಮೂರು ಗಂಟೆಗೆ ಪಾಳಿ ಬದಲಾಗುವ ಊರು.

ಸಾವಿರಾರು ಕೈಗಳು ಬೇಕಾಗಿದ್ದವು, ಸ್ಥಳೀಯರಲ್ಲಿ ಅಷ್ಟು ಜನ ಇರಲಿಲ್ಲ. ಮೊದಲು ವಿಯೆಟ್ನಾಂನ ನಿರಾಶ್ರಿತರು ಬಂದರು. ಟೆಕ್ಸಸ್ಸಿನಿಂದ, ಮೆಕ್ಸಿಕೊದ ಚಿಹುವಾಹುವಾದಂಥ ಉತ್ತರದ ರಾಜ್ಯಗಳಿಂದ ಜನ ಬಂದರು. ಆಮೇಲೆ ಗ್ವಾಟೆಮಾಲ, ಎಲ್ ಸಾಲ್ವಡಾರ್. ಇತ್ತೀಚೆಗೆ ಸೊಮಾಲಿಯಾ, ಬರ್ಮಾ. ಹತ್ತೇ ವರ್ಷದಲ್ಲಿ ಗಾರ್ಡನ್ ಸಿಟಿ 18 ಸಾವಿರದಿಂದ 24 ಸಾವಿರಕ್ಕೆ ಬೆಳೆಯಿತು. ಮನೆ ಸಾಲದೆ ಟ್ರೇಲರುಗಳನ್ನು ಸಾಲಾಗಿ ನಿಲ್ಲಿಸಿ ಬಡಾವಣೆ ಮಾಡಿದರು.

ಹೋಲ್ಕಂಬ್ ಕಾರ್ಖಾನೆಯ ಹೊರಗೆ ಪಾಳಿ ಬಿಡುವ ಹೊತ್ತಿಗೆ ನಿಂತು ನೋಡಿದೆ. ಇಲ್ಲಿ ದಿನಕ್ಕೆ ಸುಮಾರು ಆರು ಸಾವಿರ ದನ ಕತ್ತರಿಸುತ್ತಾರೆ. ಒಳಗೆ ಸರಪಳಿಗೆ ತೂಗಿದ ಮಾಂಸ ಚಲಿಸುತ್ತಲೇ ಇರುತ್ತದೆ, ಚಳಿ ಕೊರೆಯುವ ಕೋಣೆಯಲ್ಲಿ ಪ್ರತಿಯೊಬ್ಬರದೂ ಒಂದೇ ಒಂದು ಕೊಯ್ತ, ದಿನಕ್ಕೆ ಸಾವಿರಾರು ಬಾರಿ. ಹೊರಗೆ ಬಂದ ಒಬ್ಬ ನಡುವಯಸ್ಸಿನ ಹೆಂಗಸು ಕಾರಿನ ಬಾಗಿಲು ತೆರೆಯುವ ಮೊದಲು ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡಳು. ಚೂರಿ ಹಿಡಿದು ಮಡಚಿ ನಿಂತ ಬೆರಳುಗಳು. ಅಷ್ಟಾದ ಮೇಲೆ ಕೀಲಿ ತಿರುಗಿಸಿದಳು. ಊರಿನ ಸುತ್ತ ಗಾಳಿಯಲ್ಲಿ ಫೀಡ್‌ಲಾಟಿನ ಗಂಜಲದ ನಾತವಿದೆ. ಅದು ದುಡ್ಡಿನ ವಾಸನೆ ಅನ್ನುವುದು ಇಲ್ಲಿನವರ ರೂಢಿಯ ಮಾತು. ಆ ದುಡ್ಡು ಯಾರ ಬೆರಳುಗಳಿಂದ ಬರುತ್ತದೆ ಎಂದು ಈ ವಾಹನ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ. 2020ರ ಕೋವಿಡ್ ತಿಂಗಳುಗಳಲ್ಲಿ ದೇಶಕ್ಕೆ ಮಾಂಸ ಬೇಕೆಂದು ಇಂಥ ಕಾರ್ಖಾನೆಗಳನ್ನು ಓಡಿಸುತ್ತಲೇ ಇದ್ದರು. ಸೋಂಕು ಈ ಮೂರು ಊರುಗಳ ಕೌಂಟಿಗಳಲ್ಲಿ ರಾಜ್ಯದ ಬೇರೆ ಭಾಗಗಳಿಗಿಂತ ಬಹಳ ಹೆಚ್ಚಾಗಿ ಹಬ್ಬಿತು.

ಡಾಡ್ಜ್ ಸಿಟಿಯ ಒಂದು ದಿನಸಿ ಅಂಗಡಿಗೆ ಹೋದೆ. ಬಾಗಿಲಲ್ಲೇ ಕಾಲು ನಿಂತಿತು. ಗೋಣಿಚೀಲದ ತುಂಬ ಒಣಗಿಸಿದ ಕಡುಗೆಂಪು ಮೆಣಸಿನಕಾಯಿ, ಸುಕ್ಕು ಸುಕ್ಕಾಗಿ, ಥೇಟ್ ಬ್ಯಾಡಗಿ ಮಾರುಕಟ್ಟೆಯದೇ. ಪಕ್ಕದಲ್ಲಿ ಸೀಮೆಬದನೆ, ಸೀಬೆಹಣ್ಣು, ಮುಳ್ಳು ತೆಗೆದು ಹೆಚ್ಚಿಟ್ಟ ಪಾಪಾಸುಕಳ್ಳಿಯ ಎಳೆಯ ಹಾಳೆ, ಸಿಪ್ಪೆಯೊಂದಿಗೇ ಮಾರುವ ಹುಣಸೆಹಣ್ಣು. ಮೆಣಸಿನಕಾಯಿ, ಸೀಬೆ, ಸೀಮೆಬದನೆ ಆ ಕಡೆಯ ನೆಲದಿಂದ ಹೊರಟು ಕಡಲು ದಾಟಿ ನಮ್ಮ ಅಡುಗೆಮನೆಗೆ ಬಂದವು. ಹುಣಸೆ ನಮ್ಮ ಏಷ್ಯಾದ ಕಡೆಯಿಂದ ಅವರ ಅಡುಗೆಮನೆಗೆ ಹೋಯಿತು. ನಾನೂರು ವರ್ಷದ ಈ ಕೊಡುಕೊಳೆ ಕಾನ್ಸಾಸ್‌ನ ಒಂದು ಕಪಾಟಿನಲ್ಲಿ ಅಕ್ಕಪಕ್ಕ ಕೂತಿತ್ತು! ಗಲ್ಲಾದಲ್ಲಿದ್ದ ಹಿರಿಯ ಹೆಂಗಸು ನಾನು ಹುಣಸೆಯ ಚೂರು ಬಾಯಿಗೆ ಹಾಕಿಕೊಂಡದ್ದನ್ನು ನೋಡಿ ನಕ್ಕಳು. ಯಾವ ದೇಶದವನೆಂದು ಕೇಳಿದಳು, ಹೇಳಿದೆ. "ಅಲ್ಲೂ ಖಾರ ತಿನ್ನುತ್ತೀರಾ?" ಎಂದಳು. ನಮ್ಮಲ್ಲಿ ಖಾರವಿಲ್ಲದೆ ಊಟವೇ ಇಲ್ಲ ಎಂದೆ. ಒಳಗಿನಿಂದ ತಮಾಲೆ ತಂದು ಕೈಗಿಟ್ಟಳು. ಸುಣ್ಣದ ನೀರಿನಲ್ಲಿ ಬೇಯಿಸಿ ಬೀಸಿದ ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಬಿಚ್ಚಿದಾಗ ಎದ್ದ ಬಿಸಿ ಹಬೆಯಲ್ಲಿ ಹಲಸಿನೆಲೆಯ ಕೊಟ್ಟೆ ಕಡುಬಿನ ನೆನಪಾಯಿತು.

ಮೆಕ್ಕೆಜೋಳದ ಮಾತು ಇನ್ನೊಂದಿದೆ. ಡಾಡ್ಜ್ ಸಿಟಿಯ ಗ್ವಾಟೆಮಾಲದವರಲ್ಲಿ ಅನೇಕರಿಗೆ ಸ್ಪ್ಯಾನಿಷ್ ಕೂಡ ಕಲಿತ ಭಾಷೆ. ಮನೆಮಾತು ಕಿಚೆ, ಮಾಯಾ ಭಾಷೆಗಳಲ್ಲಿ ಒಂದು. ಕಿಚೆ ಜನರ 'ಪೊಪೊಲ್ ವುಹ್' ಎಂಬ ಸೃಷ್ಟಿಕಥೆಯಲ್ಲಿ ದೇವರುಗಳು ಮೊದಲು ಮಣ್ಣಿನಿಂದ, ಆಮೇಲೆ ಮರದಿಂದ ಮನುಷ್ಯರನ್ನು ಮಾಡಿ ಸೋತು, ಕಡೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿ ಗೆಲ್ಲುತ್ತಾರೆ. ಜೋಳದ ಮೈಯ ಜನ ಎರಡು ಗಡಿ ದಾಟಿ ಬಂದು ನೆಲೆಸಿದ್ದು ಎಲ್ಲಿ? ದಿಗಂತದವರೆಗೂ ಜೋಳವೇ ಬೆಳೆವ ಊರಿನಲ್ಲಿ. ಆ ಜೋಳ ದನಕ್ಕೆ, ದನ ಕಾರ್ಖಾನೆಗೆ, ಕಾರ್ಖಾನೆಯಲ್ಲಿ ಇವರು. ಇದನ್ನು ಹೊಂದಿಸಿ ನೋಡುತ್ತ ನಾನು ಆ ದಿನ ಬೇರೇನನ್ನೂ ಸರಿಯಾಗಿ ಗಮನಿಸಲಿಲ್ಲ.

ಊರಿನ ಕ್ಯಾಥೊಲಿಕ್ ಕೆಥೆಡ್ರಲ್ ಈಗ ಗ್ವಾಡಲೂಪೆ ಮಾತೆಯ ಹೆಸರಿನದು. ಹಳೆಯ ಕೆಥೆಡ್ರಲ್ಲಿನ ಒಕ್ಕಲೂ ಮೆಕ್ಸಿಕನ್ ಚರ್ಚಿನ ಒಕ್ಕಲೂ ಕೂಡಿದ ಮೇಲೆ ಕಟ್ಟಿದ ಹೊಸ ಗುಡಿ 2001ರಲ್ಲಿ ತೆರೆಯಿತು. ಜರ್ಮನ್ ಮೂಲದ ರೈತರೂ ಕಾರ್ಖಾನೆಯ ಕೆಲಸಗಾರರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ದೇವರ ಮನೆಯಲ್ಲಿ ಸಿಕ್ಕ ಜಾಗ ಮತಗಟ್ಟೆಯಲ್ಲಿ ಅಷ್ಟು ಸುಲಭಕ್ಕೆ ಸಿಗಲಿಲ್ಲ. 2018ರ ಚುನಾವಣೆಗೆ ಸುಮಾರು 13 ಸಾವಿರ ಮತದಾರರ ಈ ಊರಿಗೆ ಇದ್ದ ಒಂದೇ ಮತಗಟ್ಟೆಯನ್ನು, ಕಟ್ಟಡ ಕಾಮಗಾರಿಯ ಕಾರಣ ಹೇಳಿ, ಊರ ಹೊರಗಿನ ವಸ್ತುಪ್ರದರ್ಶನ ಕೇಂದ್ರಕ್ಕೆ ಹಾಕಿದರು. ಹತ್ತಿರದಲ್ಲಿ ಬಸ್ ನಿಲ್ದಾಣವಿಲ್ಲ, ನಡೆದು ಹೋಗಲು ಫುಟ್‌ಪಾತ್ ಇಲ್ಲ. ಹಗಲು ಪಾಳಿ ಮುಗಿಸಿದವರು ಹೇಗೆ ಹೋಗಬೇಕು? ನ್ಯಾಯಾಲಯದವರೆಗೂ ಗದ್ದಲವಾಯಿತು. ಮರುವರ್ಷ ಊರೊಳಗೆ ಎರಡು ಮತಗಟ್ಟೆ ಬಂದವು. ದುಡಿಯಲು ಕರೆದವರನ್ನು ಮತ ಹಾಕಲು ಕರೆಯುವುದಕ್ಕೆ ಯಾಕಿಷ್ಟು ಹಿಂಜರಿಕೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ಗಾರ್ಡನ್ ಸಿಟಿಯಿಂದ ಬತ್ತಿದ ಹೊಳೆ ದಾಟಿ ನೆಟ್ಟಗೆ ದಕ್ಷಿಣಕ್ಕೆ ಹೋದರೆ ಲಿಬರಲ್. ಅಂದರೆ ಇನ್ನೂರು ವರ್ಷದ ಹಿಂದಿನ ಮೆಕ್ಸಿಕೊದೊಳಗೆ ಕಾರು ಓಡಿಸಿದಂತೆ. 'ವಿಝರ್ಡ್ ಆಫ್ ಆಝ್' ಕಥೆಯ ಡೊರೊತಿಯ ಹೆಸರಿನಲ್ಲಿ ಅಲ್ಲೊಂದು ಮನೆ ತೋರಿಸುತ್ತಾರೆ. 1950ರಿಂದ ಇಂಗ್ಲೆಂಡಿನ ಓಲ್ನಿ ಎಂಬ ಊರಿನೊಂದಿಗೆ ಸ್ಪರ್ಧೆಗಿಳಿದು, ಹೆಂಗಸರು ಬಾಣಲೆಯಲ್ಲಿ ದೋಸೆಯಂಥ ಪ್ಯಾನ್‌ಕೇಕ್ ಹಿಡಿದು ಓಡುವ ಹಬ್ಬವೂ ಇದೆ. ಇದೆಲ್ಲ ಫಲಕಗಳಲ್ಲಿ ಕಾಣುವ ಲಿಬರಲ್. ಬೆಳಗಿನ ಲಿಬರಲ್ ನನಗೆ ಸಿಕ್ಕಿದ್ದು ಒಂದು ಬೇಕರಿಯಲ್ಲಿ. ಅಗಲ ತಟ್ಟೆ, ಕೈಯಲ್ಲಿ ಇಕ್ಕಳ ಹಿಡಿದು ಬೇಕಾದ ಬ್ರೆಡ್ ನಾವೇ ಆರಿಸಿಕೊಳ್ಳಬೇಕು. ಗುಲಾಬಿ, ಹಳದಿ ಸಕ್ಕರೆಯಲ್ಲಿ ಚಿಪ್ಪಿನ ಗೆರೆ ಕೊರೆದ ಕೊಂಚಾ ಬ್ರೆಡ್ಡು ಇನ್ನೂ ಬೆಚ್ಚಗಿತ್ತು.

ಇದರ ಯಜಮಾನ ಮಾಂಸದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು, ಕೈ ಸೋತ ಮೇಲೆ ಉಳಿಸಿದ ದುಡ್ಡಿನಲ್ಲಿ ಈ ಬೇಕರಿ ಹಾಕಿದ್ದ. ಲೆಕ್ಕ ನೋಡಿಕೊಳ್ಳುವುದು ಇಲ್ಲೇ ಹುಟ್ಟಿದ ಮಗಳು. ಅಂತರ್ಜಲ ವರ್ಷ ವರ್ಷ ಇಳಿಯುತ್ತಿದೆಯಲ್ಲ, ಜೋಳ ಹೋದರೆ ದನ ಹೋಗುತ್ತದೆ, ಆಮೇಲೆ ಊರಿನ ಗತಿ ಏನು ಎಂದು ಕೇಳಿದೆ. ಆಕೆ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಲಿಲ್ಲ. ಬಾವಿ ಬತ್ತಿದ ರೈತರು ತನ್ನ ಗಿರಾಕಿಗಳಲ್ಲೂ ಇದ್ದಾರೆ, ಕೆಲವರು ಕಡಿಮೆ ನೀರಿನ ಬಿಳಿಜೋಳಕ್ಕೆ ತಿರುಗಿದ್ದಾರೆ, ಹೈನುಗಾರಿಕೆ ಬೆಳೆಯುತ್ತಿದೆ, ಡಾಡ್ಜ್ ಸಿಟಿಯಲ್ಲಿ ಚೀಸ್ ಕಾರ್ಖಾನೆ ಎದ್ದಿದೆ ಎಂದಳು. ಹಸುವಿಗೂ ನೀರು ಬೇಕು, ಅದೂ ಗೊತ್ತು ಎಂದಳು. ಆಮೇಲೆ ನನ್ನನ್ನು ಒಳಗೆ ಕರೆದು ಒಡೆದ ಗೋಡೆ ತೋರಿಸಿದಳು. ಪಕ್ಕದ ಮುಚ್ಚಿದ ಅಂಗಡಿಯನ್ನೂ ಕೊಂಡಿದ್ದಾರೆ, ಎರಡನೇ ಒಲೆ ಅಲ್ಲಿ ಬರಲಿದೆ. ರಾತ್ರಿ ಪಾಳಿ ಬಿಟ್ಟವರು ಹಸಿದು ಬರುತ್ತಾರೆ, ಈಗಿರುವ ಒಲೆಯಲ್ಲಿ ಅಷ್ಟು ಬ್ರೆಡ್ ಆಗುವುದಿಲ್ಲ.